ಮರಳುಕೇರಿಯ ಮಾಸ್ತಮ್ಮನವರಿಗೆ, ಒಪ್ಪಿಗೆ ಕೊಡುವ ಮೊದಲು

ಸುಗ್ಗಿ ತಿಂಗಳ ಮೂವತ್ತಾರನೆಯ ದಿನ, ಇಸವಿ 2231

ರೆಸ್ಪೆಕ್ಟೆಡ್ ಮಾಸ್ತಮ್ಮನವರೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ನನ್ನ ಮಾತೂ ಉದ್ದವೇ. ಅದಕ್ಕೂ, ನಿಮ್ಮ ಕಿವಿಗೆ ವಿಚಿತ್ರವೆನಿಸುವ ಪದಗಳಿಗೂ ಕ್ಷಮೆಯಿರಲಿ. ಹಳಬರಿಗೆ ಬರೆಯುವಾಗ ಇಂಗ್ಲಿಷ್ ಸೇರಿಸಿದರೆ ಮರ್ಯಾದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಹೋಪಿಂಗ್ ಯು ಆರ್ ಇನ್ ದಿ ಪಿಂಕ್. ಯಾವುದರ ಪಿಂಕ್ ಎಂಬುದು ಮರೆತಿದೆ.

ನಾನು ವಾಮನ, ಪಕ್ಕದೂರಿನ ಮೀನುಗಾರ. ಹೆಂಡತಿ ಜಲಜೆ ತೀರಿಕೊಂಡ ಮೇಲೆ ಒಬ್ಬನೇ ಇದ್ದೇನೆ, ಮಕ್ಕಳಿಲ್ಲ. ನಿಮ್ಮ ಮರಳುಕೇರಿ ಇದ್ದಲ್ಲಿ ಈಗ ಏರುದಾಣವಿದೆ, ಅಂದರೆ ರಾಕೆಟ್ಟುಗಳನ್ನು ಹಾರಿಸುವ ಜಾಗ. ಪ್ರತಿ ರಾಕೆಟ್ಟಿನೊಳಗೂ ಊರಿನವರೊಬ್ಬರ ಹಿಂದೋಲೆ ಇಟ್ಟು ಕಳಿಸುವುದು ನಮ್ಮ ಪದ್ಧತಿ. ಹಿಂದೋಲೆ ಎಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ತಲುಪುತ್ತದೆಯೋ ಇಲ್ಲವೋ ಕಂಡವರಿಲ್ಲ. ಈ ಸಲದ ಸರದಿ ನನ್ನದು. ಏರುದಾಣದ ಹುಡುಗಿ ಬಂದು, "ಅಜ್ಜ, ಸುಮ್ನೆ ಥ್ಯಾಂಕ್ಸ್ ಅಂತ ನಾಲ್ಕ್ ಸಾಲ್ ಬರ್ದ್ ಕೊಡಿ, ಪುರಾಣ ಬೇಡ" ಎಂದಳು.

ಜಾಗ ಬಿಟ್ಟುಕೊಡಲಿರುವ ನಿಮಗೆ ಥ್ಯಾಂಕ್ಸ್ ಹೇಳಲು ಕಾರಣ ಬೇಕಾದಷ್ಟಿದೆ. ನಮ್ಮ ಪ್ರತಿ ಮನೆಯಲ್ಲಿ, ಪ್ರತಿ ದೋಣಿಯಲ್ಲಿ ಒಬ್ಬಳು ಬಾನಕ್ಕ ಇರುತ್ತಾಳೆ. ಈ ರಾಕೆಟ್ಟುಗಳು ಮೇಲೇರಿಸಿದ ಉಪಗ್ರಹಗಳು ಕಂಡದ್ದನ್ನು ನಮ್ಮೂರ ಮಾತಿನಲ್ಲಿ ಹೇಳುವ ಅಂಗೈಯಗಲದ ಪೆಟ್ಟಿಗೆ ಅದು. ಮೀನಿನ ಹಿಂಡು ಎಲ್ಲಿದೆ, ಯಾವ ಗದ್ದೆಗೆ ಹುಳು ಬಿದ್ದಿದೆ, ಎಲ್ಲ ಅವಳ ಬಾಯಲ್ಲಿ. ಬಾವಿಯ ಉಪ್ಪು ತೆಗೆಯುವ ಜರಡಿ ಕೂಡ ಚಂದ್ರನ ಮೇಲಿರುವವರು ತಮ್ಮ ಕುಡಿಯುವ ನೀರಿಗೆಂದು ಮಾಡಿಕೊಂಡದ್ದೇ. ಊಟದ ಹೊತ್ತಿಗೆ ಜಲಜೆ ಬಾನಕ್ಕನ ಮೇಲೆ ಬಟ್ಟೆ ಹಾಕುತ್ತಿದ್ದಳು. "ಒಂದ್ ಮನಿಗ್ ಒಬ್ರ್ ವಟವಟ ಸಾಕ್, ನೀವಿದ್ರಲ್ಲ" ಎನ್ನುತ್ತಿದ್ದಳು.

ಕಳೆದ ವರ್ಷ, ಆಕಾಶ ತೊಳೆದಿಟ್ಟ ಹಾಗಿದ್ದ ಒಂದು ಬೆಳಿಗ್ಗೆ, ಬಲೆ ತುಂಬುತ್ತಿರುವಾಗಲೇ ಬಾನಕ್ಕ ಕೂಗಿದಳು: "ಹೋಯ್ ವಾಮನಣ್ಣ, ಬಲೆ ಕೊಯ್ದ್ ಬಿಡಿ, ದೋಣಿ ತಿರ್ಸಿ!" ಎಲ್ಲರೂ ತಿರುಗಿಸಿದೆವು. ಸಂಜೆಯ ಗಾಳಿಗೆ ದೋಣಿ ಕಟ್ಟುವ ದಕ್ಕೆಯ ಕಾಂಕ್ರೀಟೇ ಕಿತ್ತುಹೋಯಿತು. ಜನ ಒಬ್ಬರೂ ಸಾಯಲಿಲ್ಲ.

ಆದರೆ ಅಂದು ರಾತ್ರಿ ಗಂಜಿ ಮುಂದಿಟ್ಟುಕೊಂಡು ಜಲಜೆಯನ್ನೇ ನೆನೆಯುತ್ತ ಕೂತೆ. ಜಲಜೆ ನಿಮ್ಮ ಕುಲದವಳು, ನಿಮ್ಮ ಮರಿಮಕ್ಕಳ ಮರಿಮಗಳು. ಏರುದಾಣ ಕಟ್ಟಲು ನಿಮ್ಮವರನ್ನು ಗುಡ್ಡದಾಚೆಯ ಕಾಲೊನಿಗೆ ಕಳಿಸಿ ಕೇರಿಯ ಕಡಲಿನುದ್ದಕ್ಕೂ ಬೇಲಿ ಹಾಕಿದ್ದರು. ರಾಕೆಟ್ಟು ಏರುವಾಗ ಊರೆಲ್ಲ ಚಪ್ಪಾಳೆ ತಟ್ಟಿದರೆ ಅವಳು ಒಳಗೆ ಹೋಗಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. "ರಾಕೆಟ್ ಬೇಡ ಅಂತಲ್ಲ ಮಾರಾಯ್ರೆ. ಬೇಲಿಲಿ ಒಂದ್ ದಾರಿ ಬಿಟ್ಟಿದ್ರೆ ಅದೇನ್ ಕೆಳ್ಗ್ ಬೀಳ್ತಿತ್ತಾ?" ಎಂದು ಕೇಳುತ್ತಿದ್ದಳು.

ನಿಮ್ಮ ಕಾಲದಲ್ಲಿ, ಮುಂದಿನ ವಾರ ಅಧಿಕಾರಿಗಳು ಆ ಜಾಗ ಕೇಳಲು ನಿಮ್ಮ ಅಂಗಳಕ್ಕೆ ಬರುತ್ತಾರೆ. ಶಾಲೆಯಲ್ಲಿ ನಮಗೆ ಅದು ಪಾಠ. ಹಿರಿಯರಾದ ನೀವು ಹೂಂ ಎಂದರೆ ಕೇರಿಯೆಲ್ಲ ಹೂಂ. ಬೇಡವೆನ್ನಿ ಎಂದು ಬರೆಯಲು ನನಗೆ ಧೈರ್ಯವಿಲ್ಲ, ಬಾನಕ್ಕನಿಂದ ಬದುಕಿದ ಈ ಕರಾವಳಿಯ ಮಕ್ಕಳೆಲ್ಲ ಕಣ್ಣ ಮುಂದೆ ಬರುತ್ತಾರೆ. ಒಪ್ಪಿಕೊಳ್ಳಿ ಎನ್ನಲು ಬಾಯಿಲ್ಲ. ಸೋ ಐ ಬೆಗ್ ಟು ಸ್ಟೇಟ್ ಇಷ್ಟೇ: ಒಪ್ಪುವ ಮೊದಲು ಒಂದು ದಾರಿ ಕೇಳಿ, ದೋಣಿ ಹೊತ್ತು ಹೋಗುವಷ್ಟು ಅಗಲದ್ದು. ರಾಕೆಟ್ಟು ಏರುವ ದಿನ ಅವರದಾಗಲಿ, ಉಳಿದ ದಿನಗಳೆಲ್ಲ ನಿಮ್ಮವು. ಗೊಣಗುತ್ತಾರೆ, ಆದರೆ ಕೊಡುತ್ತಾರೆ. ಕೇಳಬಹುದು ಎಂದು ನಿಮಗೆ ಯಾರೂ ಹೇಳಲಿಲ್ಲ, ಅಷ್ಟೇ.

ಇನ್ನೊಂದನ್ನು ಮುಚ್ಚಿಡಬಾರದು. ಕಡಲಿಲ್ಲದ ಆ ಕಾಲೊನಿಗೆ ಸೈಕಲ್ಲಿನಲ್ಲಿ ಮೀನು ಮಾರಲು ಹೋಗುತ್ತಿದ್ದವನು ನಾನು. ಮೀನು ಹಿಡಿಯುವವರ ವಂಶದವರು ನನ್ನ ಬುಟ್ಟಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಅಲ್ಲೇ ಒಂದು ದಿನ ಜಲಜೆ ಬಂಗುಡೆಯ ಕಿವಿರು ಎತ್ತಿ ನೋಡಿ, "ಇದ್ ನಿಮ್ಮಜ್ಜನ್ ಕಾಲದ್ದಾ?" ಎಂದು ನಕ್ಕಳು. ನೀವು ದಾರಿ ಕೇಳಿದರೆ ಅವಳ ಮನೆಯಲ್ಲೇ ತಾಜಾ ಮೀನಿರುತ್ತದೆ. ಯಾವ ಸೈಕಲ್ಲಿನ ಗಂಟೆಗೂ ಅವಳು ಹೊರಗೆ ಬರುವುದಿಲ್ಲ, ನನ್ನ ಸೈಕಲ್ಲಿನದಕ್ಕೂ.

ಆದರೂ ಕೇಳಿ.

ಯುವರ್ಸ್ ಫೇತ್‌ಫುಲಿ,
ಸದ್ಯಕ್ಕೆ ನಿಮ್ಮ ಮನೆಯ ಅಳಿಯ,
ವಾಮನ