ಒಂದೇ ಹಾಳೆಯ ಎರಡು ಪುಟ

ಅಮ್ಮನಿಗೆ,

ನೀನು ಬೈಂಡಿಂಗ್‌ಗೆ ಕೊಟ್ಟಿದ್ದ ಧರ್ಮಗ್ರಂಥ ಸಿದ್ಧವಾಗಿದೆ. ಅಣ್ಣ ದಿನಾ ಓದುವ ಆ ಸೇಡಿನ ಪುಟವನ್ನು ಗುಟ್ಟಾಗಿ ಕಿತ್ತುಬಿಡು ಎಂದು ನೀನು ಹೇಳಿದ್ದೆ. ನಾನು ಕೀಳಲಿಲ್ಲ. ಹಾಳೆಯನ್ನು ನಡುವೆ ಮಡಚಿ ಹೊಲಿಯುತ್ತೇವಮ್ಮ. ಅದೇ ಹಾಳೆಯ ಇನ್ನೊಂದು ಅರ್ಧದಲ್ಲಿ ಕ್ಷಮೆಯ ಪುಟವಿದೆ. ಒಂದನ್ನು ಕಿತ್ತರೆ ಇನ್ನೊಂದೂ ಉದುರುತ್ತದೆ.

"ಸ್ಕೂಲು ಬಿಟ್ಟವಳು ನನಗೇ ಪಾಠ ಹೇಳ್ತೀಯೇನೇ?" ಅನ್ನುತ್ತೀಯ. ಹೇಳಲೇಬೇಕು. ಅಣ್ಣನೂ ನನ್ನ ಜೊತೆ ಈ ಬೈಂಡಿಂಗ್ ಅಂಗಡಿಯಲ್ಲಿದ್ದಾಗ, ಕಾಗದ ಕತ್ತರಿಸುವ ಯಂತ್ರಕ್ಕೆ ಅವನ ಬೆರಳು ಸಿಕ್ಕ ದಿನ ಗುಂಡಿ ಒತ್ತಿದ್ದು ನಮಗೆ ಕೆಲಸ ಕಲಿಸುವ ಮೇಸ್ತ್ರಿಯಲ್ಲ, ನಾನು. ಅವನು ಕೈ ತೆಗೆಯುವವರೆಗೂ ಕಾಯುವ ತಾಳ್ಮೆ ನನಗಿರಲಿಲ್ಲ. ಎಲ್ಲರೂ ಮೇಸ್ತ್ರಿಯನ್ನು ಬೈದಾಗ ಬಾಯಿಗೆ ಬೀಗ ಹಾಕಿಕೊಂಡೆ. ಈಗ ಅಣ್ಣ, "ಅವನ ಕೈಯನ್ನೂ ಅದೇ ಯಂತ್ರಕ್ಕೆ ಕೊಡ್ತೀನಿ, ನೋಡ್ತಿರು" ಅನ್ನುತ್ತಿದ್ದಾನೆ.

ಮೇಸ್ತ್ರಿಗೆ ಇವತ್ತು ಬೆಳಿಗ್ಗೆ ನಿಜ ಹೇಳಿದೆ. ಅವರು ನನ್ನ ಕೈಯಲ್ಲಿದ್ದ ಪುಸ್ತಕವನ್ನು ತೆಗೆದುಕೊಂಡು ತಿರುಗಿಸಿ ನೋಡಿ, "ನಿನ್ನ ಹೊಲಿಗೆ ಸಡಿಲ ಇದೆ, ಬಿಚ್ಚಿ ಮತ್ತೆ ಹಾಕು" ಅಂದರು. ಹಾಕಿದೆ.

ಭಾನುವಾರ ಬರುತ್ತೇನೆ. ಅಣ್ಣನನ್ನು ಮನೆಯಲ್ಲೇ ಇರಿಸಿಕೊ. ಪುಸ್ತಕವನ್ನು ಅವನ ಮುಂದಿಟ್ಟು, ನನ್ನ ಕೈಯನ್ನೂ ಅದರ ಪಕ್ಕದಲ್ಲಿಟ್ಟು ಎಲ್ಲವನ್ನೂ ಹೇಳುತ್ತೇನೆ. ಯಾವ ಪುಟ ತೆರೆಯಬೇಕೆಂಬುದು ಅವನಿಗೆ ಬಿಟ್ಟದ್ದು. ನೀನು ನಡುವೆ ಬಂದು ನಿಲ್ಲಬೇಡ.

ನಿನ್ನ ಆತುರಗೇಡಿ ಮಗಳು