ಮಾಗಿಸಿದ ಕಲ್ಲು

ಅಥೆನ್ಸ್, ಇಸವಿ ೨೩೯೧, ಹದಿಮೂರನೆಯ ತಿಂಗಳ ನಾಲ್ಕನೇ ದಿನ

ಹಿಂದಿನ ಕಾಲದ ಕಲ್ಲುಕೆಲಸದವರಿಗೆ ಮೃಡಾಣಿಯ ವಂದನೆಗಳು.

ಹದಿಮೂರನೆಯ ತಿಂಗಳು ಎಂದದ್ದಕ್ಕೆ ಕ್ಷಮೆಯಿರಲಿ. ಬೇಸಿಗೆ ಹಿಗ್ಗಿದ ಮೇಲೆ ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟು ಉರಿಮಾಸ ಎಂದು ಕರೆಯುತ್ತಿದ್ದೇವೆ. ಈ ತಿಂಗಳು ಹೊರಗೆ ಕೆಲಸ ಬೆಳಗಿನ ಎರಡು ತಾಸು ಮಾತ್ರ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು. ಇಲ್ಲಿ ಅದನ್ನಾಡಲು ಅಮ್ಮ ಒಬ್ಬಳಿದ್ದಳು, ಈಗ ಅವಳೂ ಇಲ್ಲ.

ನನ್ನ ಮನೆ ನಿಮ್ಮ ಕಾಲದ ಕಾಂಕ್ರೀಟ್ ಕಟ್ಟಡದ ಐದನೇ ಮಹಡಿಯಲ್ಲಿದೆ. ಬಾಲ್ಕನಿಯಲ್ಲಿ ನಿಂತರೆ ಈ ನಾಡಿನ ಚರಿತ್ರೆಯೆಲ್ಲ ಒಂದರ ಮೈಮೇಲೊಂದು ಬಿದ್ದಂತೆ ಕಾಣುತ್ತದೆ. ಗುಡ್ಡದ ಮೇಲೆ ಮೊನ್ನೆಮೊನ್ನೆಯವರೆಗೆ ನಿಂತಿದ್ದ ಸಣ್ಣ ದೇಗುಲ; ಕೆಳಗೆ ಗುಮ್ಮಟದ ಚರ್ಚು, ಅದರ ಗೋಡೆಯಲ್ಲಿ ದೇಗುಲದಿಂದಲೇ ಕಿತ್ತ ಕಲ್ಲು; ಪಕ್ಕದಲ್ಲಿ, ಈ ನಾಡಿಗೆ ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಕಂಬಗಳನ್ನು ನಕಲು ಮಾಡಿ ಕಟ್ಟಿದ ಬಂಗಲೆಗಳು. ಮೊದಮೊದಲ ದೇಗುಲಗಳು ಮರದವಂತೆ. ಕಂಬ ಲಡ್ಡಾಗಿ ಕೊಳೆತಂತೆಲ್ಲ ಒಂದೊಂದಾಗಿ ಕಲ್ಲಿನದನ್ನು ನಿಲ್ಲಿಸಿದರಂತೆ, ತೊಲೆಯ ತುದಿಗಳನ್ನೂ ಕಲ್ಲಿನಲ್ಲೇ ಕೆತ್ತಿದರಂತೆ. ನಕಲು ಇಲ್ಲಿಯ ಹಳೇ ಚಾಳಿ. ಆದರೆ ಅವರ್ಯಾರೂ ಜನರ ಕಣ್ಣಿಗೆ ಮಣ್ಣೆರಚಲಿಲ್ಲ. ಎರಚಿದವಳು ನಾನು.

ದೇಗುಲ ರಿಪೇರಿ ಮಾಡುವ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಸ ಅಮೃತಶಿಲೆಯನ್ನು ಬೆಳ್ಳಗೇ ಬಿಡಬೇಕು, ಕಾಣದ ಮಗ್ಗುಲಲ್ಲಿ ಇಸವಿ ಕೆತ್ತಬೇಕು. ಆ ಬಿಳಿ ತೇಪೆ ನೋಡಿ ಬಂದವರೆಲ್ಲ ಮೂಗು ಮುರಿಯುತ್ತಿದ್ದರು. ಮೂವತ್ತರ ಹುಮ್ಮಸ್ಸಿನಲ್ಲಿ ನಾನು ಕಲ್ಲು ಮಾಗಿಸುವುದನ್ನು ಕಂಡುಹಿಡಿದೆ: ಆರು ವಾರದಲ್ಲಿ ಸಾವಿರಾರು ವರ್ಷದ ಬಣ್ಣ, ಸವೆತ, ಒಳಗಿನ ಬಿರುಕು ಕೂಡ. ಕಲ್ಲಿನ ವಯಸ್ಸು ಅಳೆಯುವ ಯಂತ್ರಗಳಿಗೂ ವ್ಯತ್ಯಾಸ ತಿಳಿಯಲಿಲ್ಲ. ಹೊಗಳಿಕೆ ತಲೆಗೇರಿ ಇಸವಿ ಕೆತ್ತುವುದನ್ನೂ ಬಿಟ್ಟೆ. ಎಂಥ ಕೊಬ್ಬು ನನಗೆ.

ಹೋದ ವಾರ ಭೂಮಿ ನಡುಗಿ, ನನ್ನ ಕಲ್ಲುಗಳೂ ಸೇರಿದ್ದ ಗುಡ್ಡದ ಆ ದೇಗುಲ ಕುಸಿಯಿತು. ಗುಡ್ಡದೊಳಗಿನ ನೆಲಮಾಳಿಗೆಯಲ್ಲಿ ನಲವತ್ತು ಕಲ್ಲಿಗಷ್ಟೇ ಜಾಗ. ಮಿಕ್ಕವನ್ನು ಏರುತ್ತಿರುವ ಸಮುದ್ರಕ್ಕೆ ತಡೆಯಾಗಿ ಸುರಿಯುತ್ತಾರೆ. ಹಳೆಯವನ್ನು ಆರಿಸಿಕೊಡುವ ಕೆಲಸ ನನ್ನದು. ಮೂರು ದಿನದಿಂದ ಕಲ್ಲುಗಳ ಮೇಲೆ ಅಂಗೈ ಆಡಿಸುತ್ತ ಅಲೆಯುತ್ತಿದ್ದೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ. ನೀವು ಏನನ್ನೇ ರಿಪೇರಿ ಮಾಡಿ, ತೇಪೆ ತೇಪೆಯಾಗಿಯೇ ಕಾಣಲಿ. ಕುರೂಪ ಅಂದರೆ ಅನ್ನಲಿ, ಸಹಿಸಿಕೊಳ್ಳಿ.

ಇವತ್ತು ಬೆಳಿಗ್ಗೆ ಕ್ರೇನ್ ನಡೆಸುವ ಸ್ತಮಾತಿಯಾ ಒಂದು ಕಲ್ಲಿನ ಪಕ್ಕ ನಿಂತು ಕೇಳಿದಳು: “ಮೃಡಾಣಿ, ಇದು ಅವರದೋ, ನಿನ್ನದೋ? ಬೇಗ ಹೇಳು, ಬಿಸಿಲೇರ್ತಿದೆ.”

ನನಗೆ ಗೊತ್ತಾಗಲಿಲ್ಲ. ಅವರದು ಎಂದೆ. ಅದರ ಮುಂದಿನದನ್ನು ನನ್ನದು ಎಂದೆ. ಅದು ಸಮುದ್ರಕ್ಕೆ ಹೋಯಿತು.