ಗ್ಯಾರೇಜಿನ ವೈರಿಂಗ್ ಬದಲಾಗುವ ದಿನ ಅಪ್ಪನಿಗೆ

ಅಪ್ಪಾ,

ಲಿಂಗನೂರಿನ ತುಳಸವ್ವನ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿದ್ದಾಯಿತು. ಅದನ್ನು ಕೂಡಿಸಿ ಬರಲು ಏಳರ ಬಸ್ಸಿಗೆ ಹೊರಟಿದ್ದೇನೆ. ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ.

ಹತ್ತಕ್ಕೆ ವೈರ್‌ಮನ್ ಬಾಳಪ್ಪ ಗ್ಯಾರೇಜಿನ ವೈರಿಂಗ್ ಬದಲಿಸಲು ಬರುತ್ತಾನೆ. ಕಚೇರಿಗೆ ರಜೆ ಎಂದು ಸಾಂಗ್ಲಿವಾಡಿಯ ಅತ್ತೆಯ ಮನೆಗೆ ಹೋಗಿ ಕೂರಬೇಡಿ. ನಿಮಗೆ ಸಿಟ್ಟು ಬಂದಿದೆ, ಗೊತ್ತು. ಆ ವೈರಿಂಗ್ ನೀವು ಹಾಕಿದ್ದು ಸ್ಕೂಟರ್ ನಿಲ್ಲಿಸುವ ಜಾಗದ ಒಂದು ಬಲ್ಬಿಗೆ. ಈಗ ಅದರ ಮೇಲೆ ಮೋಟಾರಿಗೆ ತಂತಿ ಸುತ್ತುವ ನನ್ನ ಎರಡು ಯಂತ್ರ ಓಡುತ್ತವೆ. ಮೊನ್ನೆ ಬೋರ್ಡು ಹೊತ್ತಿಕೊಂಡಾಗ ತಂತಿಯನ್ನು ಬರಿಗೈಯಲ್ಲಿ ಕಿತ್ತಿರಿ. ಆಮೇಲೆ ಅವ್ವನಿಗೆ "ಏನೂ ಆಗಿಲ್ಲ, ಚಹಾ ಚೆಲ್ಲೇತಿ" ಎಂದಿರಿ. ಅಂಗೈಯ ಬೊಬ್ಬೆ ನಾನು ನೋಡಿದ್ದೇನೆ. ಮುಲಾಮು ಕಿಟಕಿಯಲ್ಲಿದೆ, ಹಚ್ಚಿಕೊಳ್ಳಿ.

ಈ ಕೆಲಸ ನೀವೇ ಮಾಡಬಹುದಿತ್ತು. ಆದರೆ ಸಾಂಗ್ಲಿ, ಮಿರಜ, ಕುಪವಾಡ ಸೇರಿ ಒಂದೇ ಮಹಾನಗರಪಾಲಿಕೆಯಾದಾಗ ನಿಮ್ಮನ್ನು ಬೀದಿದೀಪದ ಕಂಬದಿಂದ ಇಳಿಸಿ ಸಾಂಗ್ಲಿಯಲ್ಲಿ ಕಡತಗಳ ಮುಂದೆ ಕೂರಿಸಿದರು. ನೀವೂ ಬೇಸರದಿಂದ ವೈರ್‌ಮನ್ ಪರವಾನಗಿ ನವೀಕರಿಸಲಿಲ್ಲ. ಈ ಯಂತ್ರಗಳಿಗೆ ಬೇಕಾದ ಹೊಸ ಮೀಟರಿನ ಅರ್ಜಿಗೆ ಪರವಾನಗಿ ಇದ್ದವರ ಸಹಿಯೇ ಬೇಕಂತೆ, ಅದು ಬಾಳಪ್ಪನ ಹತ್ತಿರ ಇದೆ.

ಕೆಲಸ ಹೇಳಲು ಹೋದಾಗ ಬಾಳಪ್ಪ ಏನೆಂದ ಗೊತ್ತೇ? "ನನಗ ಕಂಬಾ ಏರೂದು ಕಲಿಸಿದವ್ರ ಅವರು. ಅವರು ಮುಂದ ನಿಂತು ಹೇಳಿದ್ರ ಮಾಡ್ತೇನಿ. ಇಲ್ಲಂದ್ರ ಅವರ ವಾಯರಿಗೆ ನಾ ಕೈ ಹಚ್ಚಂಗಿಲ್ಲ."

ಅದಕ್ಕೇ ಮನೆಯಲ್ಲಿರಿ. ಬೋರ್ಡು ಎಲ್ಲಿ ಬರಬೇಕೆಂದು ನೀವೇ ತೋರಿಸಿ. ಎಲ್ಲ ಮುಗಿದ ಮೇಲೆ ನನಗಾಗಿ ಕಾಯಬೇಡಿ, ಮೇನ್ ಸ್ವಿಚ್ಚನ್ನು ನೀವೇ ಹಾಕಿ.

ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ.

ಮಹಾನಂದಾ